ಕೋಟೆಯವಳು ಕೊಟ್ಟ ಒಳಲೆ

2022ರ ಆಗಸ್ಟ್ 3ರಂದು ನಾನು ಎರಡು ಬಟ್ಟಲು ಮದ್ದು ಸೊಪ್ಪಿನ ಪಾಯಸ ತಿಂದೆ. ಆಗ ನನಗೆ ಸರಿಯಾಗಿ 29 ವಾರ ತುಂಬಿತ್ತು.

ನಾನು ಅರಕಲಗೂಡು ಕಡೆಯವಳು. ಮದುವೆಯಾಗಿ ಬಂದಿದ್ದು ಕೊಡಗಿನ ನಾಪೋಕ್ಲು ಹತ್ತಿರದ ಒಂದು ಊರಿಗೆ. ಕಕ್ಕಡ ಅನ್ನಿ, ಆಟಿ ಅನ್ನಿ, ಆ ತಿಂಗಳ 18ನೇ ದಿನ ಇಲ್ಲಿ ಮನೆಮನೆಯಲ್ಲೂ ಮದ್ದು ಸೊಪ್ಪು ಕುದಿಯುತ್ತದೆ. ಆ ಒಂದು ದಿನ ಸೊಪ್ಪಿನಲ್ಲಿ 18 ಬಗೆಯ ಔಷಧಿ ಸೇರಿರುತ್ತದೆ ಅಂತ ಹಿರಿಯರು ಹೇಳುತ್ತಾರೆ. ನೇರಳೆ ಬಣ್ಣದ ಪಾಯಸ, ಕಾಡಿನ ವಾಸನೆ. ಅದನ್ನು ತಿಂದ ಮಾರನೇ ದಿನ ಮೂತ್ರ ಕೆಂಪಗೆ ಹೋಗುತ್ತದೆ. ಇಲ್ಲಿಯವರಿಗೆ ಅದು ಗೊತ್ತಿರುವ ಸಂಗತಿ. ನನಗೆ ಗೊತ್ತಿರಲಿಲ್ಲ. ಬೆಳಿಗ್ಗೆ ನೋಡಿದವಳೇ ರಕ್ತ ಹೋಗುತ್ತಿದೆ ಅಂತ ಕಿರುಚಿಕೊಂಡೆ. ಅತ್ತೆ ಓಡಿ ಬಂದರು. "ಹೆದರಬೇಡ ಮಗಳೇ, ಅದು ಮದ್ದಿನ ಬಣ್ಣ. ನಿನ್ನೆಯೇ ಹೇಳಬೇಕಿತ್ತು ನಾನು" ಅಂತ ಬೆನ್ನು ಸವರಿದರು.

ಅವತ್ತೇ ನನ್ನ ತಪಾಸಣೆಯ ದಿನ. ಆರೋಗ್ಯ ಕೇಂದ್ರದಲ್ಲಿ ಸಿಸ್ಟರ್ ಬಾಟಲಿ ನೋಡಿ, "ಮದ್ದು ತಿಂದಿದ್ದೀರಲ್ವಾ? ಈ ಬಣ್ಣದಲ್ಲಿ ಪಟ್ಟಿ ಅದ್ದಿದರೆ ಏನೂ ಗೊತ್ತಾಗಲ್ಲ. ನಾಡಿದ್ದು ಬನ್ನಿ" ಅಂದರು. ಬಿಪಿ 136/88 ಇತ್ತು. ತಾಯಿ ಕಾರ್ಡಿನಲ್ಲಿ ಅದನ್ನು ಬರೆದು, ಕೆಳಗೆ ಒಂದು ಗೆರೆ ಎಳೆದರು. "ನಾಡಿದ್ದು ತಪ್ಪಿಸಬೇಡಿ" ಅಂತ ಎರಡು ಸಲ ಹೇಳಿದರು.

ನಾಡಿದ್ದು ಬರಲೇ ಇಲ್ಲ. ಅವತ್ತು ರಾತ್ರಿಯಿಂದ ಮಳೆ ಹಿಡಿಯಿತು. ಬೊಳಿಬಾಣೆಯಲ್ಲಿ ರಸ್ತೆ ಮೇಲೆ ಕಾವೇರಿ ನೀರು ಬಂದಿದೆ ಅಂದರು. ಕರೆಂಟು ಹೋಯಿತು. ಫೋನು ಸತ್ತುಹೋಯಿತು. ನಮ್ಮ ಕಡೆ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುವುದಿಲ್ಲ. ಪಕ್ಕದ ಮನೆ ಅಂದರೆ ತೋಟ ದಾಟಿ, ಗದ್ದೆ ದಾಟಿ, ಅರ್ಧ ಕಿಲೋಮೀಟರ್. ಮಳೆಗಾಲದಲ್ಲಿ ಆ ಅರ್ಧ ಕಿಲೋಮೀಟರ್ ಬೇರೆ ಊರಿನಷ್ಟು ದೂರ. ನನ್ನ ಕಾಲು ಊದಿತ್ತು. ಆಮೇಲೆ ಕೈ. ಆಮೇಲೆ ಮುಖ. ಬಸುರಿಗೆ ಕಾಲು ಊದುವುದು ಮಾಮೂಲು ಅಂತ ಎಲ್ಲರೂ ಅಂದುಕೊಂಡೆವು. ಉಂಗುರ ಬೆರಳಿಂದ ಬರಲಿಲ್ಲ. ಸೋಪು ಹಚ್ಚಿ ತೆಗೆದೆ.

ಒಂಬತ್ತು ದಿನ ಕಳೆದು, ಆಗಸ್ಟ್ 13ರಂದು ಜೀಪಿನಲ್ಲಿ ಸುತ್ತು ಹಾಕಿ ಹೋದೆವು. ಬಿಪಿ 154/100. ಮೂತ್ರದಲ್ಲಿ ಪ್ರೋಟೀನ್. ಮನೆಗೆ ವಾಪಸ್ ಕಳಿಸಲಿಲ್ಲ. ಹಾಗೇ ಮಡಿಕೇರಿಗೆ ಕಳಿಸಿದರು.

ಇದನ್ನು ಓದುವ ಬಸುರಿಯರಿಗಾಗಿ ಒಂದಿಷ್ಟು ಬಿಡಿಸಿ ಹೇಳುತ್ತೇನೆ. ಐದು ತಿಂಗಳು ದಾಟಿದ ಮೇಲೆ ಹೊಸದಾಗಿ ಬಿಪಿ 140/90 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಅದನ್ನು ಸುಮ್ಮನೆ ಬಿಡಬಾರದು. ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ ಅದು ಪ್ರಿಎಕ್ಲಾಂಪ್ಸಿಯಾ. ಮಗುವಿಗೆ ಆಹಾರ, ಆಮ್ಲಜನಕ ಕೊಡುವ ಮಾಸು ಸರಿಯಾಗಿ ಕೆಲಸ ಮಾಡದೆ, ಅದರಿಂದ ತಾಯಿಯ ರಕ್ತನಾಳ, ಮೂತ್ರಪಿಂಡ, ಲಿವರ್ ಎಲ್ಲಕ್ಕೂ ತೊಂದರೆಯಾಗುತ್ತದೆ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋವು, ಮುಖ ಊದುವುದು ಅದರ ಗುರುತು. ಬಿಟ್ಟರೆ ಫಿಟ್ಸ್ ಬರಬಹುದು. ಮಾತ್ರೆಯಿಂದ ಬಿಪಿ ಇಳಿಸಬಹುದು, ಆದರೆ ಕಾಯಿಲೆ ಹೋಗಬೇಕಾದರೆ ಹೆರಿಗೆಯೇ ಆಗಬೇಕು. ಇದೆಲ್ಲ ನನಗೆ ಗೊತ್ತಾಗಿದ್ದು ಮಡಿಕೇರಿಯ ವಾರ್ಡಿನಲ್ಲಿ, ಅದೂ ಪಕ್ಕದ ಮಂಚದವರಿಂದ.

ಅವರು ಸುಂಟಿಕೊಪ್ಪ ಕಡೆಯವರು. ಎಲ್ಲರೂ ಅವರನ್ನು 'ಇತ್ತಾ', ಅಂದರೆ ಅಕ್ಕ, ಅಂತಲೇ ಕರೆಯುತ್ತಿದ್ದರು. ಮೂರನೇ ಬಸುರು. ಮೊದಲನೇ ಸಲ ಅವರಿಗೆ ಫಿಟ್ಸ್ ಬಂದು ಮಗು ಉಳಿದಿರಲಿಲ್ಲ. ಡಾಕ್ಟರು ದಿನಾ ಬಂದು "ತಲೆನೋವಿದೆಯಾ?" ಅಂತ ಕೇಳುತ್ತಿದ್ದರು. ನಾನು ಸ್ವಲ್ಪ ಇದ್ದರೂ ಇಲ್ಲ ಅನ್ನುತ್ತಿದ್ದೆ. ಯಾಕೆ ಅಂತ ಕೇಳಿದರೆ ಉತ್ತರ ಇಲ್ಲ. ಸುಮ್ನೆ ತೊಂದರೆ ಕೊಡಬಾರದು ಅಂತ. ಇತ್ತಾ ಅದನ್ನು ಗಮನಿಸಿದ್ದರು. ಒಂದು ಸಂಜೆ ನನ್ನ ಮಂಚಕ್ಕೇ ಬಂದು ಕೂತರು. "ನೋಡು, ಕಣ್ಣ ಮುಂದೆ ಮಿಂಚುಹುಳ ಹಾರಿದ ಹಾಗೆ ಆಗುತ್ತೆ. ತಲೆ ಹಿಂದಿನಿಂದಲ್ಲ, ಮುಂದಿನಿಂದ ಒಡೆಯುತ್ತೆ. ಹಾಗಾದಾಗ ಬೆಳಗಾಗಲಿ ಅಂತ ಕಾಯಬೇಡ. ನಾನು ಕಾದೆ."

ಆಗಸ್ಟ್ 22, ರಾತ್ರಿ ಎರಡು ಗಂಟೆ. ಗೋಡೆಯ ಮೇಲೆ ಮಿಂಚುಹುಳ ಕಂಡವು. ಅವರು ಆ ಪದ ಹೇಳದೇ ಹೋಗಿದ್ದರೆ ನಾನು ಕಣ್ಣು ಮುಚ್ಚಿ ಮಲಗುತ್ತಿದ್ದೆ. ಎದ್ದು ಕೂಗಿದೆ. ಬಿಪಿ 172/114.

ಮ್ಯಾಗ್ನೀಸಿಯಂ ಇಂಜೆಕ್ಷನ್ ಕೊಟ್ಟಾಗ ಮೈಯೆಲ್ಲ ಒಲೆ ಮುಂದೆ ಹಿಡಿದ ಹಾಗಾಯಿತು. ಮಗುವಿನ ಶ್ವಾಸಕೋಶ ಬಲಿಯಲಿ ಅಂತ ಇನ್ನೊಂದು ಇಂಜೆಕ್ಷನ್. ಅದು 12 ಗಂಟೆಗೊಂದರಂತೆ ನಾಲ್ಕು ಸಲ. ಮಗು ತುಂಬಾ ಚಿಕ್ಕದು, ಮೈಸೂರಿಗೆ ಹೋಗುವುದು ಒಳ್ಳೆಯದು ಅಂದರು. ಮಂಜು ಮುಸುಕಿದ ಬೆಳಗಿನ ಜಾವ 108ರಲ್ಲಿ ಹೊರಟೆವು. 120 ಕಿಲೋಮೀಟರ್. ಕುಶಾಲನಗರ ದಾಟಿದ ಮೇಲೆ ಮಳೆ ನಿಂತಿತು. ಪಿರಿಯಾಪಟ್ಟಣ ಬರುವಷ್ಟರಲ್ಲಿ ಬಿಸಿಲು. ಹೊಗೆಸೊಪ್ಪಿನ ಹೊಲ ಕಂಡಿದ್ದು ನೆನಪಿದೆ. ಅತ್ತೆ ದಾರಿಯುದ್ದಕ್ಕೂ ನನ್ನ ಪಾದ ಹಿಡಿದುಕೊಂಡೇ ಕೂತಿದ್ದರು. ಒಂದೂ ಮಾತಾಡಲಿಲ್ಲ.

ಆಗಸ್ಟ್ 24ರಂದು ಆಪರೇಷನ್ ಆಯಿತು. 32 ವಾರ. ಹೆಣ್ಣು ಮಗು. 1,380 ಗ್ರಾಂ. ದಿನ ತುಂಬುವುದು ಅಕ್ಟೋಬರ್ 19ಕ್ಕೆ ಅಂತ ಇತ್ತು. ತುಲಾ ಸಂಕ್ರಮಣದ ಹೊತ್ತಿಗೆ ಕಾವೇರಿ ತಾಯಿ ಜೊತೆಗೇ ಬರುತ್ತಾಳೆ ಅಂತ ಅತ್ತೆ ಎಲ್ಲರಿಗೂ ಹೇಳಿಕೊಂಡಿದ್ದರು.

ಮಗುವನ್ನು ನಾನು ನೋಡಿದ್ದು ಮಾರನೇ ದಿನ ಸಂಜೆ. ನವಜಾತ ಶಿಶುಗಳ ಘಟಕದ ಬಾಗಿಲಲ್ಲಿ ಬಳೆ, ವಾಚು ತೆಗೆದು, ಮೊಣಕೈವರೆಗೆ ಕೈ ತೊಳೆದು, ಹಸಿರು ಗೌನು ಹಾಕಿಕೊಂಡು ಒಳಗೆ ಹೋಗಬೇಕು. ಅಂಗೈಗಿಂತ ಸ್ವಲ್ಪ ದೊಡ್ಡದು. ಮೂಗಿನಲ್ಲಿ ನಳಿಗೆ. ಚರ್ಮದ ಕೆಳಗೆ ರಕ್ತನಾಳ ಕಾಣುತ್ತಿತ್ತು. ನನಗೆ ಅಳು ಬರಲಿಲ್ಲ. ಏನೂ ಬರಲಿಲ್ಲ. ಸಿಸ್ಟರ್ ಒಂದು ಚಿಕ್ಕ ಬಟ್ಟಲು ಕೊಟ್ಟು, "ಎರಡು ಗಂಟೆಗೊಂದು ಸಲ ಹಾಲು ಹಿಂಡಿ ತನ್ನಿ. ಎರಡು ಎಂಎಲ್ ಸಾಕು" ಅಂದರು.

ಎರಡು ಎಂಎಲ್ ಅಂದರೆ ಅರ್ಧ ಟೀ ಚಮಚಕ್ಕಿಂತ ಕಡಿಮೆ. ನನಗೆ ಅಷ್ಟೂ ಬರಲಿಲ್ಲ. ತಾಯಂದಿರ ಕೋಣೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು ಹಿಂಡಿ ಹಿಂಡಿ ತೊಟ್ಟು ಕೆಂಪಾಯಿತು. ಬಟ್ಟಲು ಒಣಗಿಯೇ ಇತ್ತು. ಹಿಂದಿನಿಂದ ಯಾರೋ, "ಹಂಗಲ್ಲ ಕಣಕ್ಕ" ಅಂದರು.

ಆ ಕೋಣೆಯಲ್ಲಿ ಯಾರೂ ಯಾರ ಹೆಸರನ್ನೂ ಕೇಳುವುದಿಲ್ಲ. ಊರೇ ಹೆಸರು. ಪಿರಿಯಾಪಟ್ಟಣ, ಹುಣಸೂರು, ನಂಜನಗೂಡು. ನಾನು ಹೋದ ದಿನದಿಂದಲೇ 'ಕೊಡಗು' ಆದೆ. ಹಿಂದೆ ನಿಂತಿದ್ದವಳು 'ಕೋಟೆ', ಹೆಗ್ಗಡದೇವನ ಕೋಟೆ ತಾಲ್ಲೂಕಿನ ಹಳ್ಳಿಯವಳು. ಇಪ್ಪತ್ತೆರಡು ವರ್ಷ ಇರಬಹುದು. ನನಗಿಂತ ಐದು ದಿನ ಮುಂಚೆ ಅವಳಿಗೆ 28 ವಾರಕ್ಕೇ ಗಂಡು ಮಗು ಆಗಿತ್ತು. ಒಂದು ಕೆಜಿಯೂ ಇಲ್ಲದ ಮಗು.

"ತೊಟ್ಟ ಹಿಂಡಬ್ಯಾಡ. ಕಪ್ಪಗಿದೆಯಲ್ಲ, ಅದರ ಹಿಂದೆ ಬೆರಳು ಮಡಗು. ಮೊದಲು ಎದೆಗೂಡಿನ ಕಡೀಕೆ ಒತ್ತು. ಆಮೇಲೆ ಹಿಂಡು. ಬಿಡು. ಇನ್ನೊಂದ್ ಕಿತ."

ಅವಳು ನನ್ನ ಕೈ ಮೇಲೆ ಅವಳ ಕೈ ಇಟ್ಟು ಒತ್ತಿ ತೋರಿಸಿದಳು. ಹಾಗೆ ಮಾಡಲು ನನ್ನ ಅಮ್ಮನಿಗೂ ಸಂಕೋಚವಾಗುತ್ತಿತ್ತೇನೋ. ಬಿಸಿನೀರಲ್ಲಿ ಅದ್ದಿದ ಬಟ್ಟೆ ಎದೆಗೆ ಇಟ್ಟಳು. ಬೆನ್ನ ಹುರಿಯ ಎರಡೂ ಕಡೆ ಹೆಬ್ಬೆರಳಿಂದ ತಿಕ್ಕಿದಳು. "ಮಗಿನ ಮಕ ನೆನಸ್ಕೊ" ಅಂದಳು. ಹತ್ತು ನಿಮಿಷ ಆದಮೇಲೆ ಬಟ್ಟಲ ತಳದಲ್ಲಿ ಹಳದಿ ಬಣ್ಣದ ನಾಲ್ಕು ಹನಿ. ನಾಲ್ಕೇ. ಸಿಸ್ಟರ್ ಅದನ್ನು ಸಿರಿಂಜಿನಲ್ಲಿ ಎಳೆದು ಬೆಳಕಿಗೆ ಹಿಡಿದು, "ಅರ್ಧ ಎಂಎಲ್ ಇದೆ. ಇದು ಬಂಗಾರ" ಅಂದರು. ಆಗ ನನಗೆ ಅಳು ಬಂತು.

ಆಮೇಲೆ ಎರಡು ಗಂಟೆಗೊಂದು ಸಲ ನಾವು ಜೊತೆಗೇ ಏಳುತ್ತಿದ್ದೆವು. ರಾತ್ರಿ ಹನ್ನೆರಡು, ಎರಡು, ನಾಲ್ಕು. ನನ್ನ ಹೊಲಿಗೆ ನೋಯುತ್ತಿತ್ತು, ಅವಳೇ ಬಟ್ಟಲು ತೊಳೆದು ತರುತ್ತಿದ್ದಳು. ನನಗೆ ಎರಡು ಎಂಎಲ್ ಬಂದ ದಿನ ಅವಳು ಇಡೀ ಕೋಣೆಗೆ ಕೇಳುವ ಹಾಗೆ ಹೇಳಿದಳು: "ಕೊಡಗಿಗೆ ಹಾಲು ಬಂತು!"

ಅವಳ ಮಗು ಹನ್ನೊಂದನೇ ದಿನ ಹೋಯಿತು. ಸೋಂಕು ಅಂದರು.

ಆ ಮಧ್ಯಾಹ್ನದ ಬಗ್ಗೆ ಬರೆಯಬೇಕೋ ಬೇಡವೋ ಅಂತ ತುಂಬಾ ಯೋಚಿಸಿದೆ. ಅವಳನ್ನೇ ಫೋನ್ ಮಾಡಿ ಕೇಳಿದೆ. "ಬರಿ ಅಕ್ಕ, ಯಾರೂ ಬರೆಯಕ್ಕಿಲ್ಲ" ಅಂದಳು. ಅದಕ್ಕೇ ಬರೆಯುತ್ತಿದ್ದೇನೆ.

ಅವಳು ಕೋಣೆಗೆ ಬಂದು ತನ್ನ ಜಾಗದಲ್ಲಿ ಕೂತಳು. ನಾವು ಆರೇಳು ಜನ ಇದ್ದೆವು. ಯಾರಿಗೂ ಬಾಯಿ ಬರಲಿಲ್ಲ. ನಮ್ಮ ಮಕ್ಕಳು ಇನ್ನೂ ಗೋಡೆಯಾಚೆ ಉಸಿರಾಡುತ್ತಿದ್ದವು, ಅದೇ ನಮಗೆ ತಪ್ಪು ಮಾಡಿದ ಹಾಗೆ ಅನ್ನಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಅವಳ ರವಿಕೆ ಒದ್ದೆಯಾಯಿತು. ಹಾಲು ಹಿಂಡುವ ಹೊತ್ತು ಅದು. ಅವಳು ನನ್ನ ಕಡೆ ತಿರುಗಿ, "ಅಕ್ಕ, ಇದನ್ನ ಏನ್ ಮಾಡ್ಲಿ?" ಅಂದಳು.

ಈ ಪ್ರಶ್ನೆಗೆ ಉತ್ತರ ಎಲ್ಲ ಹೆಂಗಸರಿಗೂ ಗೊತ್ತಿರಬೇಕು. ಮಗು ಹೋದರೂ ಹಾಲು ನಿಲ್ಲುವುದಿಲ್ಲ. ಎದೆ ಕಲ್ಲಾಗುತ್ತದೆ, ಜ್ವರ ಬರಬಹುದು. ತೀರಾ ನೋವಾದಾಗ ಸ್ವಲ್ಪವೇ ಸ್ವಲ್ಪ, ನೋವು ಇಳಿಯುವಷ್ಟು ಮಾತ್ರ ಹಿಂಡಬೇಕು. ಪೂರ್ತಿ ಹಿಂಡಿದರೆ ಮತ್ತೆ ತುಂಬುತ್ತದೆ. ತಣ್ಣೀರ ಬಟ್ಟೆ ಇಡಬೇಕು. ಹಾಲು ನಿಲ್ಲಿಸುವ ಮಾತ್ರೆ ಇದೆ, ಅದನ್ನು ಡಾಕ್ಟರೇ ಕೊಡಬೇಕು, ಬಿಪಿ ಇದ್ದವರಿಗೆ ಆ ಮಾತ್ರೆ ಆಗದೇ ಇರಬಹುದು. ಆದರೆ ದುಃಖದ ಮನೆಯಲ್ಲಿ ಈ ವಿಷಯ ಕೇಳುವವರೇ ಇರುವುದಿಲ್ಲ. ಎಲ್ಲರೂ ಸಮಾಧಾನ ಹೇಳಿ ಹೋಗುತ್ತಾರೆ. ಅವಳ ಎದೆ ನೋಯುತ್ತಿರುತ್ತದೆ ಅಂತ ಯಾರಿಗೂ ಹೊಳೆಯುವುದಿಲ್ಲ.

ನಂಜನಗೂಡಿನವಳ ತಾಯಿ ಮುದುಕಿ ಒಬ್ಬರಿದ್ದರು. "ಮಲ್ಲಿಗೆ ಹೂವ ತನ್ನಿ" ಅಂದರು. ಮಲ್ಲಿಗೆಯನ್ನು ಎದೆಗೆ ಕಟ್ಟಿದರೆ ಹಾಲು ಇಳಿಯುತ್ತದೆ ಅನ್ನುವುದು ನಮ್ಮ ಕಡೆಯ ಹಳೆಯ ಪದ್ಧತಿ. ನಮ್ಮನೆಯವರು ದೇವರಾಜ ಮಾರುಕಟ್ಟೆಗೆ ಹೋಗಿ ಆರು ಮೊಳ ಮಲ್ಲಿಗೆ ತಂದರು. ಅದು ಯಾತಕ್ಕೆ ಅಂತ ಕೇಳಲಿಲ್ಲ. ಅಜ್ಜಿ ಸೀರೆ ಮರೆ ಮಾಡಿ, ಹೂವನ್ನು ಬಟ್ಟೆಯಲ್ಲಿಟ್ಟು ಅವಳ ಎದೆಗೆ ಸುತ್ತಿದರು. ಕೋಣೆಯೆಲ್ಲ ಮದುವೆ ಮನೆಯ ವಾಸನೆ. ಅಲ್ಲಿಯವರೆಗೆ ಸುಮ್ಮನಿದ್ದ ಹುಡುಗಿ ಆಗ ಅತ್ತಳು. ನಾವೂ ಎಲ್ಲ ಅತ್ತೆವು.

ಹೊರಡುವಾಗ ತನ್ನ ಚೀಲದಿಂದ ಒಂದು ಒಳಲೆ ತೆಗೆದಳು, ಮಕ್ಕಳಿಗೆ ಹಾಲು ಕುಡಿಸುವ ಮೂತಿ ಇರುವ ಪುಟ್ಟ ಬಟ್ಟಲು. ಸ್ಟೀಲಿನದು, ಹೊಸದು. "ಮಗ ನಳಿಗೆಯಿಂದ ಬಿಟ್ಟಮೇಲೆ ಬೇಕಾಯ್ತದೆ ಅಂತ ತರ್ಸಿದ್ದೆ. ನಿನ್ ಮಗೀಗೆ ಇದ್ರಲ್ಲೇ ಕುಡ್ಸು" ಅಂದಳು.

ನಾನು ತೆಗೆದುಕೊಂಡೆ. ನನ್ನ ಅಮ್ಮನಿಗೆ ಅದು ಇಷ್ಟವಾಗಲಿಲ್ಲ. ತೀರಿಕೊಂಡ ಮಗುವಿನ ವಸ್ತು, ನಮ್ಮ ಮಗುವಿನ ಬಾಯಿಗೆ ಬೇಡ ಅಂದರು. ಅಮ್ಮನ ಭಯ ನನಗೆ ಅರ್ಥವಾಗುತ್ತದೆ. ಎರಡು ವಾರ ಸಾವಿನ ಪಕ್ಕದಲ್ಲೇ ಕೂತಿದ್ದವರು ಅವರು. ಅತ್ತೆ ಮಾತ್ರ ಏನೂ ಹೇಳದೆ ಒಳಲೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ, ಹೊರಗಿನ ಟೀ ಅಂಗಡಿಯಲ್ಲಿ ಕೇಳಿ ಇಪ್ಪತ್ತು ನಿಮಿಷ ಕುದಿಸಿ ತಂದರು. "ಒಬ್ಬಳು ತಾಯಿ ಕೊಟ್ಟಿದ್ದು. ಅದಕ್ಕೆ ಮೈಲಿಗೆ ಎಲ್ಲಿಂದ ಬರುತ್ತೆ?" ಅಂದರು. ನನ್ನ ಮಗಳು ನಳಿಗೆ ಬಿಟ್ಟು ಬಾಯಿಯಿಂದ ಕುಡಿದ ಮೊದಲ ಹಾಲು ಆ ಒಳಲೆಯಿಂದಲೇ.

ಚೀಪಿ, ನುಂಗಿ, ಉಸಿರಾಡುವುದು ಮೂರನ್ನೂ ಒಟ್ಟಿಗೆ ಮಾಡಲು ಮಗುವಿಗೆ 34 ವಾರದ ಹೊತ್ತಿಗೆ ಬರುತ್ತದಂತೆ. ಅಲ್ಲಿಯವರೆಗೆ ಒಳಲೆ. ಮಗುವನ್ನು ಸ್ವಲ್ಪ ಎತ್ತರಿಸಿ ಹಿಡಿದು, ಮೂತಿಯನ್ನು ಬಾಯಿಯ ಮೂಲೆಗೆ ಇಟ್ಟು, ಸುರಿಯದೆ, ಅದೇ ನೆಕ್ಕಿಕೊಳ್ಳಲು ಬಿಡಬೇಕು. ಉಳಿದ ಹೊತ್ತು ಎದೆಯ ಮೇಲೆ. ಬರೀ ಡೈಪರ್, ಟೋಪಿ ಹಾಕಿದ ಮಗುವನ್ನು ಚರ್ಮಕ್ಕೆ ಚರ್ಮ ತಾಗುವ ಹಾಗೆ ಇಟ್ಟು ಬಟ್ಟೆ ಸುತ್ತುವುದು. ಕಾಂಗರೂ ಆರೈಕೆ ಅನ್ನುತ್ತಾರೆ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ, ಇನ್‌ಕ್ಯುಬೇಟರ್ ಸಾಲದೆ ಇದ್ದ ಆಸ್ಪತ್ರೆಯಲ್ಲಿ ಶುರುವಾಗಿದ್ದಂತೆ. ಬಟ್ಟೆ ಜಾರದ ಹಾಗೆ ಕಟ್ಟುವುದನ್ನು ಪಿರಿಯಾಪಟ್ಟಣದವಳು ಕಲಿಸಿದಳು. ನಾನು ಹೊಸದಾಗಿ ಬಂದ ಚಾಮರಾಜನಗರದವಳಿಗೆ ಕಲಿಸಿದೆ. ದಿನಕ್ಕೆ 15 ಗ್ರಾಂ, 20 ಗ್ರಾಂ. ತೂಕದ ಹೊತ್ತಿಗೆ ಎಲ್ಲರೂ ಎಲ್ಲರ ಮಕ್ಕಳ ಲೆಕ್ಕ ಕೇಳುತ್ತಿದ್ದೆವು.

27 ದಿನಕ್ಕೆ, 1,720 ಗ್ರಾಂ ಆದಾಗ ಮನೆಗೆ ಕಳಿಸಿದರು. ಬೇಗ ಹುಟ್ಟಿದ ಮಕ್ಕಳಿಗೆ ಒಂದು ತಿಂಗಳೊಳಗೆ ಕಣ್ಣಿನ ಒಳಪದರದ ಪರೀಕ್ಷೆ ಆಗಲೇಬೇಕು. ಅದನ್ನೂ ಮುಗಿಸಿಕೊಂಡೇ ಬಂದೆವು.

ಮನೆಗೆ ಬಂದರೆ ಎಲ್ಲ ಸರಿಹೋಗುತ್ತದೆ ಅಂದುಕೊಂಡಿದ್ದೆ. ಕಷ್ಟ ಶುರುವಾಗಿದ್ದೇ ಆಗ.

ವಾರ್ಡಿನಲ್ಲಿ ರಾತ್ರಿ ಎರಡು ಗಂಟೆಗೆ ಎದ್ದರೆ ಪಕ್ಕದಲ್ಲಿ ಇನ್ನೂ ಐದು ಜನ ಎದ್ದಿರುತ್ತಿದ್ದರು. ಇಲ್ಲಿ ನಾನೊಬ್ಬಳೇ. ಹೊರಗೆ ಜೀರುಂಡೆ, ಮಾಡಿನಿಂದ ತೊಟ್ಟಿಕ್ಕುವ ನೀರು. ನೋಡಲು ಬಂದವರು "ಇಷ್ಟೇನಾ ಮಗು?" ಅನ್ನುತ್ತಿದ್ದರು. "ಏಳು ತಿಂಗಳದ್ದು ನಿಲ್ಲುತ್ತೆ, ಎಂಟು ತಿಂಗಳದ್ದು ನಿಲ್ಲಲ್ಲ" ಅಂತ ಒಬ್ಬರು ನನ್ನ ಎದುರಿಗೇ ಹೇಳಿದರು. ಅದು ಸುಳ್ಳು. ಹೊಟ್ಟೆಯಲ್ಲಿ ಒಂದೊಂದು ವಾರ ಜಾಸ್ತಿ ಇದ್ದಷ್ಟೂ ಮಗುವಿಗೆ ಒಳ್ಳೆಯದೇ. ನನಗದು ಗೊತ್ತಿತ್ತು. ಆದರೂ ಆ ಮಾತು ಒಳಗೆ ಕೂತುಬಿಟ್ಟಿತು.

ಅಕ್ಟೋಬರ್ 17ರಂದು ಮನೆಯವರೆಲ್ಲ ತಲಕಾವೇರಿಯ ತೀರ್ಥಕ್ಕೆ ಕಾಯುತ್ತಿದ್ದಾಗ ನಾನು ಮಗುವಿಗೆ ಬೆನ್ನು ಹಾಕಿ ಮಲಗಿದ್ದೆ. ಇದು ನನ್ನ ಮಗು ಅಲ್ಲ, ಯಾರದನ್ನೋ ನೋಡಿಕೊಳ್ಳುತ್ತಿದ್ದೇನೆ ಅನ್ನಿಸುತ್ತಿತ್ತು. ಕಾಫಿ ಕುಯ್ಲು ಶುರುವಾದ ಮೇಲೆ ಮನೆಯಲ್ಲಿ ಹಗಲು ಯಾರೂ ಇರುತ್ತಿರಲಿಲ್ಲ. ಒಂದು ಸಂಜೆ ತೋಟದ ಕೆರೆ ದಂಡೆಯಲ್ಲಿ ನಿಂತುಬಿಟ್ಟಿದ್ದೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಸೌದೆ ಹೊತ್ತುಕೊಂಡು ಬರುತ್ತಿದ್ದ, ತೋಟದ ಕೆಲಸದವರ ಲೈನ್ ಮನೆಯ ಅಕ್ಕ ನೋಡಿದರು. ಯಾವಾಗಲೂ ನನ್ನನ್ನು ಅಮ್ಮಾ ಅನ್ನುವವರು. ಅವತ್ತು ಸೌದೆ ಕೆಳಗೆ ಹಾಕಿ, ಮೊಣಕೈ ಹಿಡಿದು, "ನಡಿ ತಂಗಿ" ಅಂದರು. ಅವರ ಒಲೆ ಮುಂದೆ ಕೂರಿಸಿ ಕಪ್ಪು ಕಾಫಿ ಕೊಟ್ಟರು. "ನನಗೆ ಎರಡನೇದರಲ್ಲಿ ಹೀಗೇ ಆಗಿತ್ತು. ಮಗು ಅಳೋದು ಕೇಳ್ತಿತ್ತು, ಎತ್ತಿಕೊಳ್ಳಕ್ಕೆ ಕೈ ಬರ್ತಿರಲಿಲ್ಲ" ಅಂದರು. ನನಗೆ ಆಗುತ್ತಿದ್ದದ್ದೂ ಅದೇ. ನಾನು ಅದನ್ನು ಯಾರಿಗೂ ಹೇಳಿರಲಿಲ್ಲ.

ಅವರೇ ಆಶಾ ಅಕ್ಕನಿಗೆ ಹೇಳಿದರು. ಆಶಾ ಅಕ್ಕ ಮಾರನೇ ಬೆಳಿಗ್ಗೆ ಬಂದು, ತಿರುಗಿಸಿ ಮುರುಗಿಸಿ ಕೇಳದೆ, "ಸಾಯಬೇಕು ಅನ್ನಿಸುತ್ತಿದೆಯಾ?" ಅಂತ ಕೇಳಿದರು. ಹೌದು ಅಂದೆ. ಅವರ ಫೋನಿನಿಂದಲೇ 14416ಕ್ಕೆ ಮಾಡಿಸಿದರು. ಟೆಲಿ ಮಾನಸ್, ಆ ವರ್ಷ ಅಕ್ಟೋಬರ್ 10ಕ್ಕಷ್ಟೇ ಶುರುವಾಗಿತ್ತು. ಸಿಗ್ನಲ್‌ಗಾಗಿ ಬಾಣೆಯ ಗುಡ್ಡ ಹತ್ತಿ ನಿಂತು ಕನ್ನಡದಲ್ಲೇ ಮಾತಾಡಿದೆ. ಅದೇ ವಾರ ಮಡಿಕೇರಿಯಲ್ಲಿ ಮನೋವೈದ್ಯರನ್ನು ನೋಡಿದೆವು. ಹೆರಿಗೆಯಾದ ಮೊದಲ ಎರಡು ವಾರ ಸುಮ್ಮಸುಮ್ಮನೆ ಅಳು ಬರುವುದು ಬೇರೆ, ಅದು ತಾನಾಗಿ ಹೋಗುತ್ತದೆ, ನನ್ನದು ಕಾಯಿಲೆ ಅಂತ ಬಿಡಿಸಿ ಹೇಳಿದರು. ಹಾಲು ಕುಡಿಸುತ್ತಲೇ ತೆಗೆದುಕೊಳ್ಳಬಹುದಾದ ಮಾತ್ರೆ ಕೊಟ್ಟರು. ಎಂಟು ತಿಂಗಳು ತೆಗೆದುಕೊಂಡೆ. ಆ ಸಮಯದಲ್ಲಿ ಲೈನ್ ಮನೆಯ ಅಕ್ಕ ದಿನಾ ಮಧ್ಯಾಹ್ನ ಊಟದ ಬಿಡುವಿನಲ್ಲಿ ಬಂದು ಮಗುವನ್ನು ಎತ್ತಿಕೊಂಡು, "ಒಂದು ಗಂಟೆ ಮಲಗು" ಅನ್ನುತ್ತಿದ್ದರು. ಔಷಧಿಯಷ್ಟೇ ಆ ನಿದ್ದೆಯೂ ನನ್ನನ್ನು ಉಳಿಸಿತು.

ಮಗಳಿಗೆ ನಾಲ್ಕು ತಿಂಗಳಾದರೂ ಕತ್ತು ಸರಿಯಾಗಿ ನಿಂತಿರಲಿಲ್ಲ. ಮತ್ತೆ ಹೆದರಿದೆ. ಎಂಟು ವಾರ ಮುಂಚೆ ಹುಟ್ಟಿದ್ದಾಳೆ, ಅಷ್ಟನ್ನು ಕಳೆದು ಲೆಕ್ಕ ಹಾಕಬೇಕು ಅಂತ ಹುಣಸೂರಿನವಳು ಫೋನಿನಲ್ಲಿ ನೆನಪಿಸಿದಳು. ಆ ಲೆಕ್ಕದಲ್ಲಿ ಎರಡೇ ತಿಂಗಳು. ಐದೂವರೆಗೆ ಕತ್ತು ನಿಂತಿತು.

2023ರ ಬೇಸಿಗೆಯಲ್ಲಿ ಅಂಗನವಾಡಿ ಟೀಚರ್ ಜೊತೆ ಮಾತಾಡಿ ನಾವು ಒಂದಿಷ್ಟು ಜನ ಶನಿವಾರ ಸೇರಲು ಶುರು ಮಾಡಿದೆವು. ಮಾತೃಪೂರ್ಣದ ಊಟಕ್ಕೆ ಬರುವ ಬಸುರಿ ಬಾಣಂತಿಯರು ಊಟ ಆದಮೇಲೆ ಇನ್ನೊಂದು ಗಂಟೆ ಕೂರುತ್ತೇವೆ, ಅಷ್ಟೇ. ಒಬ್ಬಳ ಮಗುವನ್ನು ಇನ್ನೊಬ್ಬಳು ಹಿಡಿದುಕೊಳ್ಳುತ್ತಾಳೆ. ತೊಟ್ಟು ಒಡೆದಿದ್ದರೆ, ಮಗು ಸರಿಯಾಗಿ ಬಾಯಿ ಹಾಕದಿದ್ದರೆ, ಪಕ್ಕದಲ್ಲಿ ಕೂತು ತೋರಿಸುತ್ತೇವೆ. ನಾನೊಂದು ಬಿಪಿ ಮಷಿನ್ ಕೊಂಡಿದ್ದೇನೆ. ಮಳೆಗಾಲದಲ್ಲಿ ಅದು ಮನೆಯಿಂದ ಮನೆಗೆ ತಿರುಗುತ್ತದೆ. 140 ಬಂದರೆ ಆಶಾ ಅಕ್ಕನಿಗೆ ಫೋನು, ಜೀಪಿನವರಿಗೆ ಫೋನು. ಜೂನ್ ಬರುವ ಮುಂಚೆ ಯಾರಿಗೆ ಯಾವಾಗ ದಿನ ತುಂಬುತ್ತದೆ ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇವೆ. ಜುಲೈ, ಆಗಸ್ಟ್‌ನಲ್ಲಿ ಬರುವವರು ಕೊನೆಯ ವಾರಗಳಲ್ಲಿ ಮಡಿಕೇರಿಯಲ್ಲೋ ಮೂರ್ನಾಡಿನಲ್ಲೋ ನೆಂಟರ ಮನೆಯಲ್ಲಿರುವ ಹಾಗೆ ಮನೆಯವರಿಗೆ ಹೇಳಿ ಒಪ್ಪಿಸುತ್ತೇವೆ. ಅದಕ್ಕೆ ಜಗಳವೂ ಆಗುತ್ತದೆ. ಆಗಲಿ. ಕಕ್ಕಡ 18ರ ಹಿಂದಿನ ದಿನಗಳ ಮೇಲೆ ಕೆಂಪು ಪೆನ್ನಿನಲ್ಲಿ ಬರೆದಿದ್ದೇನೆ: ಮೂತ್ರ ಪರೀಕ್ಷೆ ಈಗಲೇ ಮುಗಿಸಿ. ಬಸುರಿಯರು ಮದ್ದು ತಿನ್ನುವ ಮುಂಚೆ ಡಾಕ್ಟರನ್ನು ಕೇಳಿ.

ಕೋಟೆಯವಳಿಗೆ ಈಗ ಏಳು ತಿಂಗಳು. ಭಾನುವಾರ ಬೆಳಿಗ್ಗೆ ಫೋನ್ ಮಾಡಿ ಬಿಪಿ ಓದುತ್ತಾಳೆ. ಮೊನ್ನೆ 118/76. ಹಿಂದಿನ ಸಲ ಮಗು ಹುಟ್ಟಿದ 28ನೇ ವಾರ ದಾಟಿದ ರಾತ್ರಿ ಅವಳು ಮಲಗಲಿಲ್ಲ, ನಾನೂ ಮಲಗಲಿಲ್ಲ. ಬೆಳಗಿನವರೆಗೆ ಫೋನ್ ಹಿಡಿದು ಅದೂ ಇದೂ ಮಾತಾಡಿದೆವು. ಒಳಲೆಯನ್ನು ಚೆನ್ನಾಗಿ ತೊಳೆದು ಕುದಿಸಿ ಇಟ್ಟಿದ್ದೇನೆ, ಬಸ್ಸಿನಲ್ಲಿ ಕಳಿಸಲಾ ಅಂತ ಕೇಳಿದೆ.

"ಈಗ್ಲೇ ಬ್ಯಾಡ ಅಕ್ಕ" ಅಂದಳು. "ಹುಟ್ಲಿ. ನೀನೇ ತಕ್ಕೊಂಡ್ ಬಾ."